ಮಳೆಗಾಲದ ಮನೆಖರ್ಚು: ಬಿಸಿನೀರು, ಸೌದೆ, ಗ್ಯಾಸು ಉಳಿಸುವ ಬಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಈ ನಾಲ್ಕು ತಿಂಗಳು ಮನೆಖರ್ಚು ಏರುವುದಕ್ಕೆ ದೊಡ್ಡ ಕಾರಣ ಬಿಸಿ. ಸ್ನಾನಕ್ಕೆ ಬಿಸಿನೀರು, ಕುಡಿಯಲು ಕಾಯಿಸಿದ ನೀರು, ಒಣಗದ ಬಟ್ಟೆಗೆ ಇಸ್ತ್ರಿ, ಹಸಿ ಸೌದೆಗೆ ಸುರಿಯುವ ಸೀಮೆಎಣ್ಣೆ. ಹಾಸನ, ಚಿಕ್ಕಮಗಳೂರು ಪೇಟೆಯ ಮನೆಗಳಲ್ಲಿ ಹಂಡೆ ಒಲೆಯ ಜಾಗಕ್ಕೆ ಗೀಸರ್ ಬಂದಿದೆ, ಅಷ್ಟೇ ವ್ಯತ್ಯಾಸ.

ಉಳಿತಾಯಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ಲೈಟ್ ಆರಿಸಲು ಓಡುತ್ತಾರೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 1.35 ಯೂನಿಟ್. ಒಬ್ಬರು ದಿನಾ 25 ಲೀಟರ್ ಬಿಸಿನೀರಲ್ಲಿ ಸ್ನಾನ ಮಾಡಿದರೆ ತಿಂಗಳಿಗೆ 19 ಯೂನಿಟ್. ಯಾವುದರಿಂದ ಶುರು ಮಾಡಬೇಕು ಎಂಬುದು ಇಲ್ಲೇ ತಿಳಿಯುತ್ತದೆ. ಊಟದಲ್ಲಿ, ಮಕ್ಕಳ ಹಾಲಿನಲ್ಲಿ ಕಡಿತ ಮಾಡುವ ಮೊದಲು ಈ ಬಿಸಿಯ ಲೆಕ್ಕ ಸರಿಮಾಡಿ.

ಮೊದಲು ಮೀಟರ್ ಓದಿ

ಒಂದು ವಾರ, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ಗೀಸರ್ ಹಾಕಿದ ದಿನ, ಮೋಟರ್ ಓಡಿಸಿದ ದಿನ, ಇಸ್ತ್ರಿ ಮಾಡಿದ ದಿನ ಪಕ್ಕದಲ್ಲಿ ಗುರುತು ಹಾಕಿ. ಏಳು ದಿನಕ್ಕೆ ಯೂನಿಟ್ ಎಲ್ಲಿ ಹೋಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಸೋರಿಕೆ ಪರೀಕ್ಷೆ. ಮೀಟರಿನ ಮುಖದ ಮೇಲೆ 3200 ಅಥವಾ 1600 ಎಂಬಂಥ ಸಂಖ್ಯೆ ಇರುತ್ತದೆ. ಒಂದು ಯೂನಿಟ್‌ಗೆ ಕೆಂಪು ದೀಪ ಅಷ್ಟು ಸಲ ಮಿಟುಕುತ್ತದೆ ಎಂದರ್ಥ. ಮನೆಯ ಎಲ್ಲ ಸ್ವಿಚ್ಚು ಆರಿಸಿ, ಫ್ರಿಜ್ಜು, ಸೆಟ್‌ಟಾಪ್ ಬಾಕ್ಸು, ಚಾರ್ಜರು ಎಲ್ಲದರ ಪ್ಲಗ್ ಕಿತ್ತು, 5 ನಿಮಿಷ ದೀಪ ನೋಡಿ. 3200ರ ಮೀಟರಿನಲ್ಲಿ ಐದು ನಿಮಿಷಕ್ಕೆ 10 ಸಲ ಮಿಟುಕಿದರೆ ಸುಮಾರು 37 ವ್ಯಾಟ್ ಹರಿಯುತ್ತಿದೆ, ತಿಂಗಳಿಗೆ 27 ಯೂನಿಟ್. ಎಲ್ಲ ಕಿತ್ತ ಮೇಲೂ ದೀಪ ಮಿಟುಕುತ್ತಿದ್ದರೆ ಮಳೆಯಲ್ಲಿ ನೆಂದ ಗೋಡೆಯೊಳಗಿನ ವೈರು, ಪಂಪಿನ ಸ್ಟಾರ್ಟರ್ ಅಥವಾ ಎಲ್ಲೋ ಸೇರಿಸಿ ಮರೆತ ಸಂಪರ್ಕದ ಮೇಲೆ ಅನುಮಾನ ಪಡಿ. ಅದು ದುಡ್ಡಿನ ಮಾತು ಮಾತ್ರವಲ್ಲ, ಶಾಕ್ ಹೊಡೆಯುವ ಮಾತು. ಅದೇ ದಿನ ಎಲೆಕ್ಟ್ರಿಷಿಯನ್ ಕರೆಸಿ.

ಹಾಸನ ಜಿಲ್ಲೆಗೆ ಕರೆಂಟ್ ಕೊಡುವುದು ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ಜನರ ಬಾಯಲ್ಲಿ ಎರಡೂ ಇನ್ನೂ ಕೆಇಬಿಯೇ. ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ನಿಯಮ ಎರಡು ಕಡೆಯೂ ಒಂದೇ, ಮತ್ತು ಅದನ್ನು ತಪ್ಪು ತಿಳಿದವರು ಬಹಳ ಮಂದಿ. 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದ್ದು ನಿಮ್ಮ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಸೇರುತ್ತದೆ. ಮಿತಿ ದಾಟಿ 200ರೊಳಗೆ ನಿಂತರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ.

ಲೆಕ್ಕ ಹಾಕಿ ನೋಡಿ. ಮಿತಿ 80 ಯೂನಿಟ್, ದರ ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿಯೋಣ. 199 ಯೂನಿಟ್ ಉರಿಸಿದರೆ ಕಟ್ಟುವುದು 119 ಯೂನಿಟ್‌ಗೆ, 714 ರೂಪಾಯಿ. 201 ಆದರೆ 1,206 ರೂಪಾಯಿ, ಮೇಲೆ ನಿಗದಿತ ಶುಲ್ಕ ಬೇರೆ. ಎರಡು ಯೂನಿಟ್‌ನ ವ್ಯತ್ಯಾಸಕ್ಕೆ ಸುಮಾರು 500 ರೂಪಾಯಿ. ಜುಲೈ, ಆಗಸ್ಟಿನಲ್ಲಿ ಗೀಸರ್ ಇರುವ ಮನೆಗಳು ಜಾರಿ ಬೀಳುವುದು ಇಲ್ಲೇ. ಮೀಟರ್ ಓದುವವರು ಬರುವ ದಿನ ನಿಮಗೆ ಗೊತ್ತಿರುತ್ತದೆ. ಅದಕ್ಕೆ ಹತ್ತು ದಿನ ಮುಂಚೆ ಅಂಕಿ ನೋಡಿಕೊಂಡರೆ ಗೀಸರ್ ಬಳಕೆ ಹಿಡಿತಕ್ಕೆ ತರಲು ಸಮಯ ಉಳಿದಿರುತ್ತದೆ.

ಗೀಸರ್ ಇದ್ದರೆ

20 ಡಿಗ್ರಿಯ 25 ಲೀಟರ್ ನೀರನ್ನು 42 ಡಿಗ್ರಿಗೆ ಏರಿಸಲು 0.64 ಯೂನಿಟ್ ಬೇಕು. ನಾಲ್ಕು ಜನಕ್ಕೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 77. ಇದನ್ನು ಯಾವ ಕಂಪನಿಯ ಗೀಸರೂ ಕಡಿಮೆ ಮಾಡಲಾರದು, ನೀರಿನ ಗುಣವೇ ಅದು. ನಾವು ಉಳಿಸಬಹುದಾದದ್ದು ಅದರ ಮೇಲೆ ಪೋಲಾಗುವ ಭಾಗವನ್ನು, ಮತ್ತು ನೀರಿನ ಅಳತೆಯನ್ನು.

ಸ್ವಿಚ್ಚನ್ನು ಇಡೀ ದಿನ ಹಾಕಿಡಬೇಡಿ. ಒಳಗಿನ ನೀರು ಆರುತ್ತಾ, ಮತ್ತೆ ಕಾಯುತ್ತಾ ಹಳೆಯ ಗೀಸರ್ ದಿನಕ್ಕೆ ಅರ್ಧ ಯೂನಿಟ್‌ವರೆಗೂ ಸುಮ್ಮನೆ ತಿನ್ನುತ್ತದೆ. 15 ಲೀಟರಿನ 2000 ವ್ಯಾಟ್ ಗೀಸರ್ 20ರಿಂದ 60 ಡಿಗ್ರಿಗೆ ಬರಲು ಸುಮಾರು 21 ನಿಮಿಷ ಸಾಕು. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಥರ್ಮೋಸ್ಟಾಟ್ 50ರ ಹತ್ತಿರ ಇರಲಿ. 70ಕ್ಕೆ ಕಾಯಿಸಿ ತಣ್ಣೀರು ಬೆರೆಸುವುದರಲ್ಲಿ ಲಾಭವಿಲ್ಲ, ತೊಟ್ಟಿ ಬಿಸಿಯಾದಷ್ಟೂ ಹೊರಗೆ ಹೋಗುವ ಶಾಖ ಹೆಚ್ಚು. ಷವರ್ ನಿಮಿಷಕ್ಕೆ 8ರಿಂದ 10 ಲೀಟರ್ ಸುರಿಯುತ್ತದೆ, ಐದು ನಿಮಿಷಕ್ಕೆ ಎರಡು ಬಕೆಟ್. ಬಕೆಟ್ಟು ಚೊಂಬು ಈ ವಿಷಯದಲ್ಲಿ ಷವರ್‌ಗಿಂತ ಎಷ್ಟೋ ಮೇಲು. ನಲ್ಲಿ ತಿರುಗಿಸಿದಾಗ ಮೊದಲು ಬರುವ ತಣ್ಣೀರನ್ನೂ ಚೆಲ್ಲದೆ ಅದೇ ಬಕೆಟ್ಟಿಗೆ ಹಿಡಿಯಿರಿ, ಹೇಗೂ ಬೆರೆಸಲು ಬೇಕಲ್ಲ.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬೋರ್‌ವೆಲ್ ನೀರು ಗಡಸು. ಅಲ್ಲಿ ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ನೀರು ಕಾಯುವುದು ತಡವಾಗುತ್ತದೆ, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಾದರೆ ಪ್ಲಗ್ ಕಿತ್ತು, ಆರಿದ ಮೇಲೆ ನಿಂಬೆಹುಳಿ ಪುಡಿ ಕದಡಿದ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ ಉಜ್ಜಿದರೆ ಪದರ ಬಿಡುತ್ತದೆ. ರಾಡ್ ಬಳಸುವವರು ಕಬ್ಬಿಣದ ಬಕೆಟ್ ಬಳಸಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆಯೇ ನೀರು ಮುಟ್ಟಬೇಕು.

ಹಂಡೆ ಒಲೆ ಇದ್ದರೆ, ಅದನ್ನು ಸರಿಪಡಿಸಿ

ಹಂಡೆ ಒಲೆ ಕೆಡವಿ ಗೀಸರ್ ಹಾಕಿಸುವ ಮುಂಚೆ ಒಮ್ಮೆ ಯೋಚಿಸಿ. ತೋಟದ ಸೌದೆ, ತೆಂಗಿನ ಸಿಪ್ಪೆ, ಚಿಪ್ಪು ಮನೆಯ ಸುತ್ತಲೇ ಸಿಗುವಾಗ ಬಿಸಿನೀರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕೆಟ್ಟದಾಗಿ ಕಟ್ಟಿದ ಒಲೆ ಮಾತ್ರ ಸೌದೆಯನ್ನು ನುಂಗುತ್ತದೆ.

50 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು, ಸಾಧಾರಣ ಒಲೆಯಲ್ಲಿ ಒಣ ಸೌದೆ 3 ಕೆಜಿಯ ಹತ್ತಿರ ಬೇಕು. ಸರಿಯಾಗಿ ಕಟ್ಟಿದ ಒಲೆಯಲ್ಲಿ 2 ಕೆಜಿಯೊಳಗೇ ಆಗುತ್ತದೆ. ಹಸಿ ಸೌದೆಯಾದರೆ 5 ಕೆಜಿ ದಾಟುತ್ತದೆ.

ಒಲೆಯಲ್ಲಿ ನೋಡಬೇಕಾದ್ದು ಇಷ್ಟು. ಹಂಡೆಗೂ ಸುತ್ತಲಿನ ಗೋಡೆಗೂ ನಡುವೆ ಒಂದರಿಂದ ಒಂದೂವರೆ ಇಂಚು ಸಂದು ಇರಬೇಕು. ಮೂರು ನಾಲ್ಕು ಇಂಚು ಬಿಟ್ಟರೆ ಉರಿ ಹಂಡೆಯನ್ನು ತಬ್ಬದೆ ನೇರ ಹೊಗೆಕೊಳವೆಗೆ ಓಡುತ್ತದೆ. ತೀರಾ ಒತ್ತಿದರೆ ಹೊಗೆ ಹಿಂದಕ್ಕೆ, ಬಚ್ಚಲಿಗೆ ನುಗ್ಗುತ್ತದೆ. ಸೌದೆ ನೆಲದ ಮೇಲೆ ಉರಿಯಬಾರದು, ಕಬ್ಬಿಣದ ಜಾಲರಿಯ ಮೇಲೆ ಉರಿಯಬೇಕು. ಜಾಲರಿಯ ಕೆಳಗೆ ಮೂರು ನಾಲ್ಕು ಇಂಚು ಬೂದಿಗೂ ಗಾಳಿಗೂ ಜಾಗ ಬಿಡಿ. ಒಲೆಯ ಬಾಯಿಗೆ ಒಂದು ತಗಡಿನ ಮುಚ್ಚಳ ಮಾಡಿಸಿ. ಉರಿ ಹತ್ತಿದ ಮೇಲೆ ಮುಕ್ಕಾಲು ಮುಚ್ಚಿದರೆ ತಣ್ಣನೆಯ ಗಾಳಿ ಬೇಡದಷ್ಟು ಒಳಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದದ್ದೂ ಇದೇ ತತ್ವದ ಮೇಲೆ: ಮುಚ್ಚಿದ ಬೆಂಕಿಗೂಡು, ಜಾಲರಿ, ಹೊಗೆಕೊಳವೆ.

ಹಂಡೆಯ ತಳದ ಮಸಿಯನ್ನು ವಾರಕ್ಕೊಮ್ಮೆ ಕೆರೆಯಿರಿ. ಮಸಿ ಶಾಖವನ್ನು ತಡೆಯುತ್ತದೆ. ಹಂಡೆಯ ಬಾಯಿಗೆ ಬಿಗಿಯಾಗಿ ಕೂರುವ ಮುಚ್ಚಳ ಬೇಕೇಬೇಕು, ಬಾಯಿ ತೆರೆದಿದ್ದರೆ ಕಾದ ನೀರಿನ ಶಾಖ ಹಬೆಯಲ್ಲಿ ಬಹಳಷ್ಟು ಹೋಗುತ್ತದೆ. ಕೊನೆಯವರ ಸ್ನಾನಕ್ಕೆ ಅರ್ಧ ಗಂಟೆ ಇರುವಾಗ ಸೌದೆ ಒಡ್ಡುವುದು ನಿಲ್ಲಿಸಿ, ಕೆಂಡವೇ ಸಾಕು. ರಾತ್ರಿ ಸ್ನಾನವಾದ ಮೇಲೆ ಹಂಡೆಗೆ ತಣ್ಣೀರು ತುಂಬಿ ಮುಚ್ಚಿಟ್ಟರೆ ಉಳಿದ ಕೆಂಡದ ಕಾವಿಗೆ ಬೆಳಗ್ಗೆ ಉಗುರುಬೆಚ್ಚಗಿರುತ್ತದೆ. ಪಾತ್ರೆ ತೊಳೆಯಲು, ಮುಖ ತೊಳೆಯಲು ಅದು ಧಾರಾಳ.

ಸೌದೆ: ಯಾವಾಗ ಕೊಳ್ಳಬೇಕು, ಹೇಗೆ ಒಣಗಿಸಬೇಕು

ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಟ್ರ್ಯಾಕ್ಟರ್ ಲೋಡಿಗೆ ಕೊಟ್ಟ ದುಡ್ಡಲ್ಲಿ ಅರ್ಧ ನೀರಿಗೇ ಹೋಯಿತು. ಅಷ್ಟೇ ಅಲ್ಲ, ಆ ನೀರನ್ನು ಆವಿ ಮಾಡಲು ಉಳಿದರ್ಧ ಸೌದೆ ತನ್ನ ಶಾಖ ಕೊಡಬೇಕು.

ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳುಮರದ ಕೊಂಬೆ ಕಡಿಯುವ ಕೆಲಸ, ನಡೆಯುವುದು ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಮೇ ಹೊತ್ತಿಗೆ. ಆಗ ಸಿಲ್ವರ್ ಓಕ್ ಮತ್ತು ಬೇರೆ ನೆರಳುಮರದ ಕೊಂಬೆ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಿ, ಆದರೆ ಈ ಮಳೆಗಾಲಕ್ಕೆ ಅದನ್ನು ನಂಬಬೇಡಿ. ಅದು ಮುಂದಿನ ವರ್ಷದ ಸೌದೆ. ಈ ವರ್ಷಕ್ಕೆ ಬೇಕಾದದ್ದು ಕಾಫಿ ಕುಯ್ಲು ಮುಗಿಯುವ ಜನವರಿ, ಫೆಬ್ರವರಿಯಲ್ಲಿ ಕಡಿದದ್ದು. ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆ ಸಿಕ್ಕರೆ ಬಿಡಬೇಡಿ, ಗಟ್ಟಿ ಮರ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಸಿಲ್ವರ್ ಹಗುರ, ಬೇಗ ಒಣಗುತ್ತದೆ, ಬೇಗ ಉರಿದೂ ಹೋಗುತ್ತದೆ. ಬೆಂಕಿ ಹೊತ್ತಿಸಲು ಸಿಲ್ವರ್, ಆಮೇಲೆ ಕಾಫಿ ಬೊಡ್ಡೆ ಎಂದು ಎರಡನ್ನೂ ಬೇರೆಬೇರೆ ಒಟ್ಟಿಟ್ಟರೆ ಒಳ್ಳೆಯದು.

ತರಿಸಿದ ವಾರದೊಳಗೆ ಸೀಳಿಸಿ. ಒಂದೂವರೆ ಅಡಿ ಉದ್ದ, ಎರಡರಿಂದ ಮೂರು ಇಂಚು ದಪ್ಪ. ತೊಗಟೆಯೊಳಗಿನ ಇಡೀ ದಿಮ್ಮಿ ವರ್ಷ ಕಳೆದರೂ ಒಳಗೆ ಹಸಿಯೇ ಇರುತ್ತದೆ, ನೀರು ಹೊರಬರುವುದು ಸೀಳಿದ ಮುಖದಿಂದ. ಅಡಿಯಲ್ಲಿ ಇಟ್ಟಿಗೆ ಅಥವಾ ಕಲ್ಲಿನ ಮೇಲೆ ಅಡಿಕೆ ದಬ್ಬೆ ಹಾಕಿ, ನೆಲದಿಂದ ಆರು ಇಂಚು ಎತ್ತರಿಸಿ ಒಟ್ಟಿ. ಬಿಸಿಲಿರುವಷ್ಟು ದಿನ ಮೇಲೆ ಮಾತ್ರ ಮುಚ್ಚಿ, ಪಕ್ಕಗಳು ತೆರೆದೇ ಇರಲಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಟಾರ್ಪಾಲನ್ನು ನೆಲದವರೆಗೂ ಇಳಿಬಿಟ್ಟು ಸುತ್ತಿಡುತ್ತಾರೆ. ಸೌದೆಯಿಂದ ಬಂದ ಆವಿ ಹೊರಹೋಗಲಾರದೆ ಒಳಗೇ ನೀರಾಗಿ ಇಳಿದು ಬೂಸ್ಟು ಹಿಡಿಯುತ್ತದೆ, ಗೆದ್ದಲು ಏಳುತ್ತದೆ. ಮೇ ಕೊನೆಗೆ, ಮೊದಲ ಮುಂಗಾರು ಹೊಯ್ಲು ಬೀಳುವ ಮುಂಚೆ, ಸೂರಿನಡಿಗೆ ಅಥವಾ ಕೊಟ್ಟಿಗೆಗೆ ಸಾಗಿಸಿ.

ಎಷ್ಟು ಬೇಕು? ದಿನಕ್ಕೆ 3 ಕೆಜಿಯಂತೆ ನಾಲ್ಕು ತಿಂಗಳಿಗೆ 360 ಕೆಜಿ. ಒಣಗಿದ ಸೀಳು ಸೌದೆಯಾದರೆ 3 ಅಡಿ ಅಗಲ, 3 ಅಡಿ ಎತ್ತರ, 4 ಅಡಿ ಉದ್ದದ ಒಟ್ಟು ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. ನೆಂಟರು ಬರುವ ಮನೆಯಾದರೆ ಒಂದೂವರೆ ಪಟ್ಟು ಇಟ್ಟುಕೊಳ್ಳಿ.

ಒಣಗಿದೆಯೋ ಇಲ್ಲವೋ ತಿಳಿಯಲು ಎರಡು ಸೀಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಬ್ ಎನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಇನ್ನೂ ಖಚಿತ ಬೇಕೆಂದರೆ ಒಂದು ಸೀಳಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದೆ ನಿಂತರೆ ಒಣಗಿತು ಎಂದೇ ಲೆಕ್ಕ.

ಒಲೆಗೆ ಒಮ್ಮೆಗೆ ಎರಡು ಮೂರು ಸೀಳು ಸಾಕು. ಬಾಯಿ ತುಂಬ ತುರುಕಿದರೆ ಗಾಳಿ ಸಾಲದೆ ಹೊಗೆಯೇ ಹೆಚ್ಚು, ಆ ಹೊಗೆಯೂ ಉರಿಯದೆ ಹೋದ ಸೌದೆಯೇ.

ಪ್ರಾಣದ ಮಾತು ಒಂದಿದೆ, ಉಳಿತಾಯಕ್ಕಿಂತ ದೊಡ್ಡದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆಚ್ಚಗಿರಲೆಂದು ಕೆಂಡದ ಬಾಣಲೆ ಇಟ್ಟು ಮಲಗಬೇಡಿ. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಕೂರಿಸಬೇಡಿ, ಹೊರಗಿನ ಗಾಳಿಯಾಡುವ ಜಾಗದಲ್ಲೇ ಇರಲಿ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬಂದು ಎಚ್ಚರ ತಪ್ಪುವವರೆಗೂ ಗೊತ್ತಾಗುವುದಿಲ್ಲ. ಹಂಡೆ ಒಲೆಯ ಬಚ್ಚಲಿಗೂ ಮೇಲೊಂದು, ಕೆಳಗೊಂದು ಮುಚ್ಚಲಾಗದ ಗವಾಕ್ಷಿ ಇರಲಿ.

ಅಡುಗೆಮನೆಯ ಗ್ಯಾಸು

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 96ರಿಂದ 97ಕ್ಕೆ. ಹಾಸನದಲ್ಲೂ ಹೆಚ್ಚುಕಡಿಮೆ ಹಾಗೇ. ತೆರೆದ ಪಾತ್ರೆಯಲ್ಲಿ ಬೇಳೆ, ಕಾಳು ಬೇಯಲು ಮಂಗಳೂರಿಗಿಂತ ಇಲ್ಲಿ ಹೆಚ್ಚು ಹೊತ್ತು ಬೇಕಾಗುವುದು ಇದರಿಂದಲೇ. ಕುಕ್ಕರಿನೊಳಗೆ ಒತ್ತಡಕ್ಕೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ನಮ್ಮ ಕಡೆ ಕುಕ್ಕರ್ ಅಂದರೆ ಹಣ ಉಳಿಸುವ ಪಾತ್ರೆಯೇ ಸರಿ.

ಅದನ್ನು ಬಳಸುವ ಬಗೆ ಹೀಗೆ. ಹೆಸರು, ಅಲಸಂದೆ, ಕಡಲೆ, ಒಣ ಅವರೆ ಎಲ್ಲವನ್ನೂ ರಾತ್ರಿಯೇ ನೆನೆಹಾಕಿ, 8 ಗಂಟೆ. ಮೊದಲ ಕೂಗು ಬರುವವರೆಗೆ ಜೋರು ಉರಿ, ಆಮೇಲೆ ಸಣ್ಣ ಉರಿ. ಪ್ರತಿ ಕೂಗೂ ಗ್ಯಾಸಿನಿಂದ ಮಾಡಿದ ಹಬೆಯನ್ನು ಆಚೆ ಬಿಡುವುದೇ. ಐದು ಕೂಗು ಕೂಗಿಸುವ ಬದಲು ಒಂದು ಕೂಗಾದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು ಆರಿಸಿದರೆ ನೆನೆದ ಕಾಳು ಬೆಂದಿರುತ್ತದೆ. ಹಬೆ ತಾನಾಗಿ ಇಳಿಯಲಿ, ಆ ಹೊತ್ತಿನಲ್ಲೂ ಬೇಯುತ್ತಿರುತ್ತದೆ. ಹುಣಸೆಹುಳಿ ಮಾತ್ರ ಕಾಳು ಬೆಂದ ಮೇಲೆ ಹಾಕಿ, ಹುಳಿ ಬಿದ್ದ ನೀರಿನಲ್ಲಿ ಕಾಳು ಮೆತ್ತಗಾಗುವುದಿಲ್ಲ. ಎಷ್ಟು ಕೂಗಿಸಿದರೂ ಬೇಯದ ಕಾಳು ಹಳೆಯದು ಅಥವಾ ನೀರು ಗಡಸು. ಅಂಥದಕ್ಕೆ ನೆನೆಹಾಕುವಾಗ ಚಿಟಿಕೆ ಅಡುಗೆ ಸೋಡಾ ಸಾಕು. ಕಡುಬು, ಇಡ್ಲಿ ಬೇಯಿಸುವಾಗ ತಳದಲ್ಲಿ ಒಂದೂವರೆ ಇಂಚು ನೀರು ಇದ್ದರೆ ಆಯಿತು.

ಯಾರ ಲೆಕ್ಕಕ್ಕೂ ಬಾರದ ದೊಡ್ಡ ಖರ್ಚು ಕುಡಿಯುವ ನೀರು. ಒಂದು ಲೀಟರ್ ನೀರು ಕುದಿಸಲು 12–13 ಗ್ರಾಂ ಗ್ಯಾಸು ಹೋಗುತ್ತದೆ. ದಿನಕ್ಕೆ 10 ಲೀಟರಾದರೆ ತಿಂಗಳಿಗೆ 3.8 ಕೆಜಿ, 14.2 ಕೆಜಿಯ ಸಿಲಿಂಡರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು. ಹಾಗೆಂದು ಮಳೆಗಾಲದಲ್ಲಿ ಕಾಯಿಸದ ನೀರು ಕುಡಿಯಬೇಡಿ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಆರಿಸಿ. ಹತ್ತು ನಿಮಿಷ ಕುದಿಸುವುದರಿಂದ ನೀರು ಇನ್ನಷ್ಟು ಶುದ್ಧವಾಗುವುದಿಲ್ಲ. ಸೌದೆ ಒಲೆ ಇರುವ ಮನೆಯಲ್ಲಿ ಇದು ಅದರ ಕೆಲಸ.

ಇಂಡಕ್ಷನ್ ಒಲೆ ಲಾಭವೇ ಎಂದು ಕೇಳುವವರಿಗೆ: ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ನಲ್ಲಿ ಸುಮಾರು 130 ಯೂನಿಟ್ ಬೇಕು. ಯೂನಿಟ್‌ಗೆ 6 ರೂಪಾಯಿಯಾದರೆ 780 ರೂಪಾಯಿ. ನಿಮ್ಮೂರಿನ ಸಿಲಿಂಡರ್ ದರದ ಪಕ್ಕ ಇಟ್ಟು ನೋಡಿ. ಗೃಹಜ್ಯೋತಿ ಮಿತಿಯಲ್ಲಿ ಯೂನಿಟ್ ಉಳಿಯುವ ತಿಂಗಳಲ್ಲಿ ಹಾಲು ಕಾಯಿಸಲು, ಕಾಫಿ ನೀರಿಗೆ ಬಳಸಿ. ಬಳಕೆ 200ರ ಹತ್ತಿರ ಬಂದ ತಿಂಗಳು ಮುಟ್ಟಬೇಡಿ.

ಉರಿ ನೀಲಿಯಾಗಿರಬೇಕು. ಹಳದಿ ಉರಿ, ಪಾತ್ರೆಗೆ ಮಸಿ ಎಂದರೆ ಬರ್ನರಿನ ತೂತು ಕಟ್ಟಿದೆ. ಬಿಸಿನೀರು, ಸೋಪಿನಲ್ಲಿ ನೆನೆಸಿ ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಪಾತ್ರೆಯ ತಳ ಮೀರಿ ಹೊರಗೆ ಚಾಚುವ ಉರಿ ಗೋಡೆಯನ್ನು ಬಿಸಿ ಮಾಡುತ್ತದೆ ಅಷ್ಟೇ.

ಸಿಲಿಂಡರ್ ಬಂದಾಗ ತೂಗಿಸಿಯೇ ಇಳಿಸಿಕೊಳ್ಳಿ. ಖಾಲಿ ತೂಕ ಸಿಲಿಂಡರಿನ ಮೇಲೆಯೇ ಬರೆದಿರುತ್ತದೆ. ಅದು 15.3 ಇದ್ದರೆ ಒಟ್ಟು 29.5 ಕೆಜಿ ತೂಗಬೇಕು. ಪಕ್ಕದಲ್ಲಿ ಎ, ಬಿ, ಸಿ, ಡಿ ಅಕ್ಷರ ಮತ್ತು ಎರಡಂಕಿಯ ವರ್ಷ ಇರುತ್ತದೆ. ಬಿ-27 ಎಂದರೆ 2027ರ ಏಪ್ರಿಲ್‌ನಿಂದ ಜೂನ್‌ನೊಳಗೆ ಅದರ ಪರೀಕ್ಷೆ ಆಗಬೇಕು. ಆ ಅವಧಿ ಮುಗಿದ ಸಿಲಿಂಡರ್ ಬೇಡ ಎನ್ನಿ. ಕೂಡಿಸಿದ ಮೇಲೆ ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ. ಎಂದೂ ಕಡ್ಡಿ ಗೀರಿ ನೋಡಬೇಡಿ.

ಒಣಗದ ಬಟ್ಟೆ

ಬಟ್ಟೆಯಲ್ಲಿ ಉಳಿದ ಒಂದು ಲೀಟರ್ ನೀರನ್ನು ಇಸ್ತ್ರಿಯಿಂದ ಆವಿ ಮಾಡಲು 0.7 ಯೂನಿಟ್ ಬೇಕು. ವಾಷಿಂಗ್ ಮಷೀನ್ ಇದ್ದರೆ ಎರಡನೆಯ ಸಲ ಹಿಂಡಿಸಿ, ಅದಕ್ಕೆ ಹೋಗುವ ಕರೆಂಟು ಬಹಳ ಕಡಿಮೆ. ಕೈಯಲ್ಲಿ ಒಗೆಯುವವರು ಬಟ್ಟೆಯನ್ನು ಒಣ ಟವಲಿನಲ್ಲಿ ಸುತ್ತಿ ತಿರುಚಿ. ಆಮೇಲೆ ಒಳಕೋಣೆಯ ಹಗ್ಗದಲ್ಲಿ ನಾಲ್ಕು ಬೆರಳು ಅಂತರ ಬಿಟ್ಟು ಹರವಿ, ಇರಚಲು ಹೊಡೆಯದ ಕಡೆಯ ಕಿಟಕಿ ಸ್ವಲ್ಪ ತೆರೆದು ಫ್ಯಾನ್ ಹಾಕಿ. ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ರಾತ್ರಿ 8 ಗಂಟೆ ತಿರುಗಿದರೂ ಕಾಲು ಯೂನಿಟ್. ಕಿಟಕಿ ಪೂರ್ತಿ ಮುಚ್ಚಿದರೆ ತೇವ ಕೋಣೆಯಲ್ಲೇ ಉಳಿದು ಗೋಡೆಗೆ ಬೂಸ್ಟು, ಬಟ್ಟೆಗೆ ಮುಗ್ಗಲು ವಾಸನೆ. ಹಂಡೆ ಒಲೆಯ ಮನೆಯಲ್ಲಿ ಹೊಗೆಕೊಳವೆಯ ಪಕ್ಕ ಎರಡು ಅಡಿ ದೂರಕ್ಕೆ ಹಗ್ಗ ಕಟ್ಟಿದರೆ ಮಕ್ಕಳ ಕಾಲುಚೀಲ, ಯೂನಿಫಾರಂ ಬೆಳಗ್ಗೆಗೆ ಒಣಗಿರುತ್ತವೆ. ಇಸ್ತ್ರಿ ಪೆಟ್ಟಿಗೆ ಹಿಡಿಯುವುದು ಅದಾದ ಮೇಲೆ, ಕಾಲರಿಗೂ ತೋಳಂಚಿಗೂ ಮಾತ್ರ.